ಜನಾಂಗೀಯ ಪೂರ್ವಗ್ರಹ ನಮ್ಮ ಹಿಡಿತದಲ್ಲಿದೆಯೇ?

ಸಂಜೆ ಬೆಂಗಳೂರಿನಿಂದ ಮಾರಿಕುಪ್ಪಂಗೆ ಹೋಗುವ ರೈಲು. ಕೆ.ಜಿ.ಎಫ್.ನಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಜನರಲ್ಲಿ ನಾನೂ ಒಬ್ಬಳು. ಊರಿಗಾಂ ಸ್ಟೇಷನ್ನಿನಲ್ಲಿ ಇಳಿಯುವವರೆಗೆ ಸೀಟು ಸಿಕ್ಕರೆ ಅದೇ ದೊಡ್ಡ ಅದೃಷ್ಟ. ಅವತ್ತು ಸಿಕ್ಕಿತ್ತು. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಗಂಡಸೊಬ್ಬರು ಕೃಷ್ಣರಾಜಪುರದಲ್ಲಿ ಇಳಿದರು. ಆ ಜಾಗಕ್ಕೆ ಆಫ್ರಿಕಾದ ಯುವಕನೊಬ್ಬ ಬಂದ. ಅವನು ಕೂರುವ ಮೊದಲೇ ನನ್ನ ಕೈ, ಸೀಟಿನ ಮೇಲಿದ್ದ ಬ್ಯಾಗನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಾಗಿತ್ತು. ಅದನ್ನು ನೋಡಿದ ಅವನು ಏನೂ ಹೇಳಲಿಲ್ಲ. ಸೀಟಿನ ತುದಿಗೆ ಸರಿದು ಕೂತ.

ಮೊದಲು ಕೂತಿದ್ದವರೂ ಅಪರಿಚಿತರೇ. ಅವರು ಬಂದಾಗ ಬ್ಯಾಗು ಇದ್ದಲ್ಲೇ ಇತ್ತು.

ನನಗೆ ಇನ್ನೂ ಮುಜುಗರವಾದದ್ದು ಬೇರೆ ಕಾರಣಕ್ಕೆ. ಅದೇ ವಾರ ಹೊಸದಾಗಿ ಪರಿಚಯವಾದವರೊಬ್ಬರು ನನ್ನ ಊರು ಯಾವುದೆಂದು ಕೇಳಿ, "ಓ ಕೆ.ಜಿ.ಎಫ್.! ರೌಡಿಗಳ ಊರಲ್ವಾ?" ಎಂದು ನಕ್ಕಿದ್ದರು. ಒಂದು ಊರಿನ ಹೆಸರು ಕೇಳಿದ ಮಾತ್ರಕ್ಕೆ ನನ್ನನ್ನು ಅಳೆದರಲ್ಲ ಎಂದು ನನಗೆ ಕೋಪ ಬಂದಿತ್ತು. ರೈಲಿನಲ್ಲಿ ನಾನು ಅದನ್ನೇ ಮಾಡಿದ್ದೆ. ಅದೂ ಯೋಚಿಸದೆ.

ಇಂಥ ಹೊತ್ತಿನಲ್ಲಿ ನಾವು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಒಂದನ್ನು ಹೇಳಿಕೊಂಡು ಸಮಾಧಾನ ಪಡುತ್ತೇವೆ. ಒಂದು, "ನನ್ನ ಮನಸ್ಸಿನಲ್ಲಿ ಭೇದಭಾವ ಇಲ್ಲವೇ ಇಲ್ಲ." ಇನ್ನೊಂದು, "ಅದು ಮನುಷ್ಯನ ಸಹಜ ಗುಣ, ನಾವೇನು ಮಾಡೋಕಾಗುತ್ತೆ?" ಈ ವಿಷಯದಲ್ಲಿ ಹಲವು ದಶಕಗಳಿಂದ ನಡೆದ ಸಂಶೋಧನೆಗಳನ್ನು ನೋಡಿದರೆ ಎರಡೂ ಮಾತು ನಿಲ್ಲುವುದಿಲ್ಲ. ಹಾಗಾದರೆ ನಿಜ ಏನು?

ತಪ್ಪು ನಂಬಿಕೆ 1: ಇದು ಹುಟ್ಟಿನಿಂದ ಬಂದ ಗುಣ

ಮೊದಲು ಒಂದು ಮಾತು. 'ಜನಾಂಗ' ಎಂಬ ವಿಂಗಡಣೆಗೆ ಜೀವವಿಜ್ಞಾನದಲ್ಲಿ ಗಟ್ಟಿ ಆಧಾರವಿಲ್ಲ. ಜಗತ್ತಿನ ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ಡಿಎನ್‌ಎ ಸುಮಾರು ಶೇ. 99.9ರಷ್ಟು ಒಂದೇ ಆಗಿರುತ್ತದೆ. ಉಳಿದ ಚೂರು ವ್ಯತ್ಯಾಸದಲ್ಲೂ ಹೆಚ್ಚಿನ ಪಾಲು ಇರುವುದು ಒಂದೇ ಗುಂಪಿನ ಜನರ ನಡುವೆ. ಚರ್ಮದ ಬಣ್ಣ, ಕಣ್ಣಿನ ಆಕಾರ, ಕೂದಲು ನಮ್ಮ ಕಣ್ಣಿಗೆ ಬೇಗ ಬೀಳುತ್ತವೆ, ಅಷ್ಟೆ.

ಆದರೆ ಕಣ್ಣಿಗೆ ಬಿದ್ದದ್ದನ್ನು ಮಿದುಳು ಕೂಡಲೇ ವಿಂಗಡಿಸುತ್ತದೆ ಎಂಬುದು ನಿಜ. ಬೇರೆ ಪ್ರದೇಶದ ಜನರನ್ನು ಕಂಡಾಗ "ಅವರೆಲ್ಲ ನೋಡೋಕೆ ಒಂದೇ ಥರ" ಎನ್ನುತ್ತೇವಲ್ಲ, ಅದಕ್ಕೂ ಕಾರಣವಿದೆ. ನಾವು ಹೆಚ್ಚಾಗಿ ನೋಡುತ್ತ ಬೆಳೆದ ಮುಖಗಳ ಸಣ್ಣ ವ್ಯತ್ಯಾಸಗಳನ್ನು ಗುರುತಿಸಲು ಮಿದುಳು ಪಳಗಿರುತ್ತದೆ. ಉಳಿದ ಮುಖಗಳಲ್ಲಿ ಅಷ್ಟು ಪಳಗಿರುವುದಿಲ್ಲ. ಅವರಿಗೂ ನಾವೆಲ್ಲ ಒಂದೇ ಥರ ಕಾಣುತ್ತೇವೆ!

ಇದು ಹುಟ್ಟಿನಿಂದ ಬರುತ್ತದೆಯೇ? ಆಗಷ್ಟೇ ಹುಟ್ಟಿದ ಕೂಸುಗಳಿಗೆ ಯಾವ ಬಣ್ಣದ ಮುಖವಾದರೂ ಒಂದೇ. ಮೂರು ತಿಂಗಳು ತುಂಬುವಷ್ಟರಲ್ಲಿ ಅವು ದಿನಾ ಕಾಣುವಂಥ ಮುಖಗಳ ಕಡೆ ಹೆಚ್ಚು ಹೊತ್ತು ನೋಡತೊಡಗುತ್ತವೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಮತ್ತೂ ಸ್ವಾರಸ್ಯಕರ. ಬಾಲ್ಯದಲ್ಲೇ ಫ್ರಾನ್ಸಿನ ಕುಟುಂಬಗಳಿಗೆ ದತ್ತು ಹೋಗಿ ಅಲ್ಲೇ ಬೆಳೆದ ಕೊರಿಯಾದ ಮಕ್ಕಳು ದೊಡ್ಡವರಾದ ಮೇಲೆ, ಏಷ್ಯಾದವರ ಮುಖಗಳಿಗಿಂತ ಯುರೋಪಿನವರ ಮುಖಗಳನ್ನೇ ಚೆನ್ನಾಗಿ ಗುರುತಿಸುತ್ತಿದ್ದರು. ಹುಟ್ಟಿಗಿಂತ ಬೆಳೆದ ಪರಿಸರದ ಕೈ ಮೇಲಾಗಿತ್ತು.

ವಿಂಗಡಿಸುವುದು ಮಿದುಳಿನ ಕೆಲಸ. ಆದರೆ 'ಈ ಮುಖ ಕಂಡರೆ ಬ್ಯಾಗ್ ಹಿಡಿದುಕೋ' ಎಂದು ಮಿದುಳಿಗೆ ಹೇಳಿಕೊಟ್ಟದ್ದು ಸುತ್ತಲಿನ ಸಮಾಜ. ಕೇಳಿದ ಸುದ್ದಿ, ನೋಡಿದ ಸಿನಿಮಾ, ಮನೆಯಲ್ಲಿ ಆಡಿದ ಮಾತು ಎಲ್ಲ ಅದರಲ್ಲಿ ಸೇರಿವೆ.

ತಪ್ಪು ನಂಬಿಕೆ 2: ಒಳ್ಳೆಯವರಿಗೆ ಪೂರ್ವಗ್ರಹ ಇರುವುದಿಲ್ಲ

1989ರಲ್ಲಿ ಅಮೆರಿಕದ ಮನೋವಿಜ್ಞಾನಿ ಪ್ಯಾಟ್ರಿಷಿಯಾ ಡಿವೈನ್ ಒಂದು ಮುಖ್ಯವಾದ ಅಧ್ಯಯನ ಪ್ರಕಟಿಸಿದರು. ಕಪ್ಪು ಜನರ ಬಗ್ಗೆ ಸಮಾಜದಲ್ಲಿ ಓಡಾಡುವ ಸ್ಟೀರಿಯೋಟೈಪ್‌ಗಳು, ಅಂದರೆ ಒಂದು ಗುಂಪಿನ ಬಗ್ಗೆ ಮೊದಲೇ ಅಚ್ಚಾಗಿರುವ ಚಿತ್ರಗಳು, ಹೆಚ್ಚು ಪೂರ್ವಗ್ರಹ ಇರುವವರಿಗೂ ಕಡಿಮೆ ಇರುವವರಿಗೂ ಒಂದೇ ಪ್ರಮಾಣದಲ್ಲಿ ಗೊತ್ತಿದ್ದವು. ಅವು ಇಬ್ಬರ ತಲೆಯಲ್ಲೂ ತಾವಾಗಿಯೇ ಮೇಲೆದ್ದು ಬರುತ್ತಿದ್ದವು. ವ್ಯತ್ಯಾಸ ಕಂಡದ್ದು ಅದರ ನಂತರದ ಹೆಜ್ಜೆಯಲ್ಲಿ. ಯೋಚಿಸಲು ಸಮಯ ಸಿಕ್ಕಾಗ, ಕಡಿಮೆ ಪೂರ್ವಗ್ರಹದವರು ಆ ಚಿತ್ರವನ್ನು ಪಕ್ಕಕ್ಕೆ ಸರಿಸಿ ತಮ್ಮ ಸ್ವಂತ ನಂಬಿಕೆಯಂತೆ ಉತ್ತರಿಸುತ್ತಿದ್ದರು.

ಅಂದರೆ ಇಲ್ಲಿ ಎರಡು ಹಂತಗಳಿವೆ. ಒಂದು, ತಾನಾಗಿ ಹೊಳೆಯುವುದು. ಎರಡು, ಹೊಳೆದದ್ದನ್ನು ಇಟ್ಟುಕೊಂಡು ನಾವು ಮಾಡುವುದು. ಮೊದಲನೆಯದು ಹಳೆಯ ಅಭ್ಯಾಸದಂತೆ. ಮನೆಯಲ್ಲಿ ಸ್ವಿಚ್ ಬೋರ್ಡ್ ಜಾಗ ಬದಲಿಸಿದ ಮೇಲೂ ಕೈ ಕೆಲವು ದಿನ ಹಳೆಯ ಗೋಡೆಯನ್ನೇ ತಡಕುತ್ತದಲ್ಲ, ಹಾಗೆ.

ಈ ಮೊದಲ ಹಂತವನ್ನು ಅಳೆಯಲು 1998ರಲ್ಲಿ ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಐ.ಎ.ಟಿ. ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಅದನ್ನು ಬೆಳೆಸಿದವರಲ್ಲಿ ಸಿಕಂದರಾಬಾದಿನಲ್ಲಿ ಬೆಳೆದ ಮಹಜರೀನ್ ಬಾನಾಜಿ ಅವರೂ ಪ್ರಮುಖರು. ಪರದೆಯ ಮೇಲೆ ಬರುವ ಮುಖಗಳನ್ನು ಒಳ್ಳೆಯ ಮತ್ತು ಕೆಟ್ಟ ಪದಗಳ ಜೊತೆ ಎಷ್ಟು ಬೇಗ ಜೋಡಿಸುತ್ತೀರಿ ಎಂಬುದನ್ನು ಅದು ಸೆಕೆಂಡಿನ ಭಾಗಗಳಲ್ಲಿ ಅಳೆಯುತ್ತದೆ. ಆದರೆ ಒಂದು ಎಚ್ಚರಿಕೆ: ಒಬ್ಬರೇ ಬೇರೆ ಬೇರೆ ದಿನ ತೆಗೆದುಕೊಂಡರೆ ಅಂಕ ಬದಲಾಗುತ್ತದೆ. ಆ ಅಂಕ ನೋಡಿ 'ಈ ವ್ಯಕ್ತಿ ನಾಳೆ ಭೇದ ಮಾಡುತ್ತಾನೆ' ಎಂದು ಹೇಳಲು ಬರುವುದಿಲ್ಲ. ಜನಸಮೂಹದ ಮನಸ್ಸು ಯಾವ ಕಡೆ ವಾಲಿದೆ ಎಂದು ತಿಳಿಯಲು ಅದು ಉಪಯೋಗವಾದೀತು, ಒಬ್ಬರ ನಡತೆಗೆ ಸರ್ಟಿಫಿಕೇಟ್ ಕೊಡಲು ಆಗದು.

ಒಂದು ಕ್ಷಣದ ಹೊಳಹಿಗೆ ಇಷ್ಟು ಮಹತ್ವ ಏಕೆ?

2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ನಡೆದದ್ದನ್ನು ನೆನಪಿಸಿಕೊಳ್ಳಿ. ಸುಡಾನಿನ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು. ಜನ ಸೇರಿದರು. ಸುಮಾರು ಅರ್ಧ ಗಂಟೆಯ ನಂತರ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಸ್ನೇಹಿತರ ಜೊತೆ ಬೇರೊಂದು ಕಾರಿನಲ್ಲಿ ಅದೇ ದಾರಿಯಲ್ಲಿ ಬಂದಳು. ಆಕೆಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆಕೆಯ ದೇಶವೂ ಬೇರೆ. ಗುಂಪು ಅವರನ್ನು ಕಾರಿನಿಂದ ಎಳೆದು ಹೊಡೆಯಿತು, ಆಕೆಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು.

ಇದು ಜನಾಂಗೀಯ ದಾಳಿಯಲ್ಲ, ಅಪಘಾತದಿಂದ ಕೆರಳಿದ ಜನರ ಪ್ರತಿಕ್ರಿಯೆ ಎಂದು ಅಂದಿನ ಗೃಹ ಸಚಿವ ಜಿ. ಪರಮೇಶ್ವರ ಹೇಳಿದರು. ಸಿಟ್ಟಿಗೆ ಕಾರಣ ಅಪಘಾತ ಎಂಬುದನ್ನು ಒಪ್ಪೋಣ. ಆದರೆ ಆ ಸಿಟ್ಟು ಈ ಹುಡುಗಿಯ ವಿಳಾಸ ಹುಡುಕಿಕೊಂಡದ್ದು ಹೇಗೆ? ಸ್ಥಳೀಯನೊಬ್ಬ ಅಪಘಾತ ಮಾಡಿದ್ದರೆ, ಅರ್ಧ ಗಂಟೆ ಬಿಟ್ಟು ಬಂದ ಇನ್ನೊಬ್ಬ ಸ್ಥಳೀಯನ ಕಾರನ್ನು ಯಾರೂ ಸುಡುತ್ತಿರಲಿಲ್ಲ. ನಮ್ಮವನೊಬ್ಬ ತಪ್ಪು ಮಾಡಿದರೆ ಅದು ಅವನ ತಪ್ಪು. ಹೊರಗಿನವನು ಮಾಡಿದರೆ ಅವನಂತೆ ಕಾಣುವವರೆಲ್ಲರ ತಪ್ಪು. ಪೂರ್ವಗ್ರಹ ಕೆಲಸ ಮಾಡುವ ರೀತಿಯೇ ಇದು.

ಅದರ ಇನ್ನೊಂದು ಮುಖ 2012ರ ಆಗಸ್ಟ್‌ನಲ್ಲಿ ಕಂಡಿತು. ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ಸುಳ್ಳು ಸುದ್ದಿ ಎಸ್ಸೆಮ್ಮೆಸ್‌ಗಳಲ್ಲಿ ಹರಡಿ, ಕೆಲವೇ ದಿನಗಳಲ್ಲಿ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ವದಂತಿ ಸುಳ್ಳು. ಆದರೆ ದಿನಾ ಬೀದಿಯಲ್ಲಿ 'ಚಿಂಕಿ' ಎಂದು ಕರೆಸಿಕೊಳ್ಳುವವರಿಗೆ ಅಂಥ ವದಂತಿಯನ್ನು ನಂಬುವುದು ಕಷ್ಟವಾಗಿರಲಿಕ್ಕಿಲ್ಲ.

ಬಲವಂತವಾಗಿ ಅದುಮಿಟ್ಟರೆ ಸಾಕೇ?

'ಇನ್ನು ಮುಂದೆ ಹಾಗೆ ಯೋಚಿಸಲೇಬಾರದು' ಎಂದು ನಿರ್ಧರಿಸಿದರೆ? ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ಕಥೆ ನಿಮಗೆ ಗೊತ್ತೇ ಇದೆ. 1994ರಲ್ಲಿ ಬ್ರಿಟನ್ನಿನಲ್ಲಿ ನೀಲ್ ಮೆಕ್ರೇ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಅಲ್ಲಿ ಜಗಳಗಂಟರೆಂದು ಹೆಸರಾಗಿದ್ದ, ತಲೆ ಬೋಳಿಸಿದ 'ಸ್ಕಿನ್‌ಹೆಡ್' ಯುವಕನೊಬ್ಬನ ಫೋಟೊ ತೋರಿಸಿ ಅವನ ಒಂದು ದಿನದ ಬಗ್ಗೆ ಬರೆಯಲು ಹೇಳಿದರು. ಕೆಲವರಿಗೆ ಮಾತ್ರ 'ಸ್ಟೀರಿಯೋಟೈಪ್ ಬಳಸಬೇಡಿ' ಎಂದು ಸೂಚಿಸಿದರು. ಅವರು ಹಾಗೇ ಬರೆದರು. ಆದರೆ ಸೂಚನೆ ಇಲ್ಲದೆ ಎರಡನೇ ಸಲ ಬರೆದಾಗ, ಉಳಿದವರಿಗಿಂತ ಹೆಚ್ಚು ಸ್ಟೀರಿಯೋಟೈಪ್‌ಗಳು ಅವರ ಬರಹದಲ್ಲೇ ಕಂಡವು. ಆ ಯುವಕನದು ಎಂದು ಹೇಳಿದ ಕುರ್ಚಿಯಿಂದ ಅವರು ದೂರ ಕೂತದ್ದೂ ಕಂಡುಬಂತು.

ದಣಿವೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಚುರುಕಾಗಿರುವವರು ರಾತ್ರಿ ಹೊತ್ತು, ರಾತ್ರಿ ಚುರುಕಾಗಿರುವವರು ಬೆಳಗ್ಗೆ ಹೊತ್ತು ಸ್ಟೀರಿಯೋಟೈಪ್‌ಗಳ ಮೇಲೆ ಹೆಚ್ಚು ವಾಲುತ್ತಾರೆ ಎಂದು ಗ್ಯಾಲೆನ್ ಬೋಡೆನ್‌ಹೌಸನ್ 1990ರಲ್ಲಿ ತೋರಿಸಿದರು. ಹಿಡಿತಕ್ಕೆ ಶಕ್ತಿ ಬೇಕು. ದಿನವಿಡೀ ದುಡಿದು ನಿಂತುಕೊಂಡೇ ಪ್ರಯಾಣ ಮಾಡುವವರಲ್ಲಿ ಆ ಶಕ್ತಿ ಕಡಿಮೆಯಿರುತ್ತದೆ.

ಒಂದು ದಿನದ ತರಬೇತಿ ಕೊಟ್ಟರೆ ಹೋಗುತ್ತದೆಯೇ? 2016ರಲ್ಲಿ ಕ್ಯಾಲ್ವಿನ್ ಲಾಯ್ ಮತ್ತು ಸಂಗಡಿಗರು ಒಂಬತ್ತು ವಿಧಾನಗಳನ್ನು ಪರೀಕ್ಷಿಸಿದರು. ಎಲ್ಲವೂ ಆ ಕ್ಷಣಕ್ಕೆ ಕೆಲಸ ಮಾಡಿದವು. ಕೆಲವು ಗಂಟೆ ಅಥವಾ ಕೆಲವು ದಿನ ಕಳೆಯುವಷ್ಟರಲ್ಲಿ ಯಾವುದರ ಪರಿಣಾಮವೂ ಉಳಿದಿರಲಿಲ್ಲ. ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಪ್ರೊಜೆಕ್ಟರ್ ಹಾಕಿ ಮಾಡುವ ಕಾರ್ಯಾಗಾರದಿಂದ ಹೆಚ್ಚು ನಿರೀಕ್ಷಿಸಬಾರದು ಎನ್ನುವುದು ಅದಕ್ಕೇ.

ಹಾಗಾದರೆ ಕೆಲಸ ಮಾಡುವುದು ಯಾವುದು?

ಗಮನಿಸುವ ಅಭ್ಯಾಸ. ಡಿವೈನ್ ತಂಡ 2012ರಲ್ಲಿ ಹನ್ನೆರಡು ವಾರಗಳ ಪ್ರಯೋಗವೊಂದನ್ನು ಪ್ರಕಟಿಸಿತು. ಪೂರ್ವಗ್ರಹವನ್ನು ಕೆಟ್ಟ ಚಟದಂತೆ ನೋಡಿ, ಅದು ಯಾವಾಗ ತಲೆ ಎತ್ತುತ್ತದೆ ಎಂದು ಗುರುತಿಸಿ, ಎದುರಿನವರನ್ನು ಒಬ್ಬ ವ್ಯಕ್ತಿಯಾಗಿ ನೋಡುವುದನ್ನು ಅಭ್ಯಾಸ ಮಾಡಿಸಲಾಯಿತು. 2017ರಲ್ಲಿ ಇನ್ನೂ ದೊಡ್ಡ ಗುಂಪಿನ ಮೇಲೆ ನಡೆಸಿದಾಗ ಐ.ಎ.ಟಿ. ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ತರಬೇತಿ ಪಡೆದವರು ಪೂರ್ವಗ್ರಹವನ್ನು ಹೆಚ್ಚು ಗಮನಿಸುತ್ತಿದ್ದರು, ಅದು ತಪ್ಪು ಎಂದು ಹೆಚ್ಚು ಅನ್ನಿಸುತ್ತಿತ್ತು. ಹೊಳೆಯುವುದು ನಿಲ್ಲದಿದ್ದರೂ ಹೊಳೆದ ಮೇಲೆ ಎಚ್ಚೆತ್ತುಕೊಳ್ಳುವುದನ್ನು ಕಲಿಯಬಹುದು.

ಇಲ್ಲಿ ತಪ್ಪಿತಸ್ಥ ಭಾವನೆಯೂ ಉಪಯೋಗಕ್ಕೆ ಬರುತ್ತದೆ. ತಾನು ಹೀಗೆ ಮಾಡಿದೆ ಎಂದು ಚುರುಕ್ ಎಂದದ್ದು ಮುಂದಿನ ಸಲ ಅಂಥದೇ ಸಂದರ್ಭ ಬಂದಾಗ ಬ್ರೇಕಿನಂತೆ ಕೆಲಸ ಮಾಡುತ್ತದೆ ಎಂದು ಮಾರ್ಗೊ ಮೊಂಟೀತ್ ಅವರ ಅಧ್ಯಯನಗಳು ತೋರಿಸಿವೆ. 'ಅಯ್ಯೋ, ನಾನೆಂಥ ಕೆಟ್ಟವಳು' ಎಂದು ಕೊರಗುತ್ತ ಕೂತರೆ ಮಾತ್ರ ಪ್ರಯೋಜನವಿಲ್ಲ.

ಮೊದಲೇ ಮಾಡಿಕೊಂಡ ನಿಯಮ. ಆ ಕ್ಷಣದಲ್ಲಿ ಮನಸ್ಸನ್ನು ನಂಬುವುದಕ್ಕಿಂತ ಮೊದಲೇ ನಿರ್ಧರಿಸಿಕೊಳ್ಳುವುದು ಸುಲಭ. ಇದು ನಮ್ಮ ದೇಶದಲ್ಲಿ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ: ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರು ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ, ಸರಿಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳುಹಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಲಿತ ಎಂದು ತಿಳಿಯುವ ಹೆಸರಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಆ ಅರ್ಜಿಗಳನ್ನು ನೋಡಿದವರಲ್ಲಿ ಎಷ್ಟೋ ಮಂದಿ ತಾವು ಅರ್ಹತೆಯನ್ನಷ್ಟೇ ನೋಡಿದೆವು ಎಂದುಕೊಂಡಿರಬಹುದು.

ಯಾರನ್ನು ನೋಡುವ ಮೊದಲೇ 'ನಮಗೆ ಬೇಕಾದ ಅರ್ಹತೆ ಇವು' ಎಂದು ಬರೆದಿಟ್ಟುಕೊಂಡರೆ ತಾರತಮ್ಯ ಕಡಿಮೆಯಾಗುತ್ತದೆ ಎಂದು 2005ರಲ್ಲಿ ಎರಿಕ್ ಉಲ್ಮನ್ ಮತ್ತು ಜೆಫ್ರಿ ಕೋಹೆನ್, ಗಂಡು ಹೆಣ್ಣು ಅಭ್ಯರ್ಥಿಗಳ ಆಯ್ಕೆಯ ಪ್ರಯೋಗದಲ್ಲಿ ಕಂಡುಕೊಂಡರು. ಬರೆದಿಡದಿದ್ದರೆ, ಇಷ್ಟವಾದವರಲ್ಲಿ ಯಾವ ಗುಣ ಇದೆಯೋ ಅದೇ ಮುಖ್ಯ ಎನ್ನಿಸಿಬಿಡುತ್ತದೆ. ಮನೆ ಬಾಡಿಗೆಗೆ ಕೊಡುವವರೂ ಇದನ್ನು ಮಾಡಬಹುದು: ಅಡ್ವಾನ್ಸ್ ಎಷ್ಟು, ಯಾವ ದಾಖಲೆ ಬೇಕು, ಎಷ್ಟು ಜನ ಇರಬಹುದು ಎಂದು ಬರೆದಿಟ್ಟು, ಬಂದ ಎಲ್ಲರಿಗೂ ಅದೇ ಚೀಟಿ ತೋರಿಸುವುದು.

ಸರಿಸಮಾನವಾಗಿ ಬೆರೆಯುವುದು. 'ಜೊತೆಗಿದ್ದರೆ ಎಲ್ಲ ಸರಿಹೋಗುತ್ತದೆ' ಎಂಬ ಮಾತು ಅರ್ಧ ಮಾತ್ರ ನಿಜ. ಇದನ್ನು ತಿಳಿಯಲು ನಮ್ಮೂರಿನ ಗಣಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಊರಿಗಾಂ ಕಲಿಸುವ ಪಾಠ

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಆಧುನಿಕ ಗಣಿಗಾರಿಕೆ ಬೆಳೆಸಿತು. ಊರಿಗಾಂ, ಚಾಂಪಿಯನ್ ರೀಫ್, ಮೈಸೂರು, ನಂದಿದುರ್ಗ ಗಣಿಗಳು ಬೆಳೆದವು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಳ್ಳುವವರೆಗೆ, ಮುಕ್ಕಾಲು ಶತಮಾನ ಯುರೋಪಿನವರೂ ಭಾರತೀಯರೂ ಒಂದೇ ಗಣಿಯಲ್ಲಿ ದುಡಿದರು. ಇದಕ್ಕಿಂತ ಹತ್ತಿರದ ಒಡನಾಟ ಎಲ್ಲಿ ಸಿಗುತ್ತದೆ?

ಆದರೆ ಮೇಲೆ ಬಂದರೆ ಬದುಕು ಬೇರೆ ಬೇರೆ. ಯುರೋಪಿನವರಿಗೆ ತೋಟದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ನಡುವಿನ ಹುದ್ದೆಗಳಲ್ಲಿ ಆಂಗ್ಲೋ ಇಂಡಿಯನ್ನರು. ತಮಿಳು, ತೆಲುಗು ಜಿಲ್ಲೆಗಳಿಂದ ಬಂದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರಿಗೆ ಸಾಲು ಗುಡಿಸಲು. ಯಾರು ಎಲ್ಲಿ ಮಲಗಬೇಕು, ಯಾರು ಯಾರಿಗೆ ಆಜ್ಞೆ ಮಾಡಬೇಕು ಎಂಬುದಕ್ಕೆ ಬಣ್ಣ ಮತ್ತು ಹುಟ್ಟು ಅಳತೆಗೋಲಾಗಿದ್ದವು. ಕೆಲಸ ಮುಗಿಸಿ ಮೇಲೆ ಬಂದ ಕಾರ್ಮಿಕ ಚಿನ್ನ ಕದ್ದಿಲ್ಲವೆಂದು ಸಾಬೀತು ಮಾಡಲು ಮೈ ತಪಾಸಣೆಗೆ ನಿಲ್ಲಬೇಕಿತ್ತು. 1930ರಲ್ಲಿ, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕ್ರಮವನ್ನು ವಿರೋಧಿಸಿ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಬೆರಳಚ್ಚು ತೆಗೆಯುವುದು ಅಪರಾಧಿಗಳಿಗೆ ಎಂಬುದು ಎಲ್ಲರಿಗೂ ಗೊತ್ತಿದ್ದ ಕಾಲ ಅದು.

ಇಂಥ ವ್ಯವಸ್ಥೆಯಲ್ಲಿ ಬೆಳೆದ ಮಗುವಿಗೆ ಪೂರ್ವಗ್ರಹವನ್ನು ಯಾರೂ ಪಾಠ ಮಾಡಿ ಹೇಳಿಕೊಡಬೇಕಿಲ್ಲ. ಯಾರನ್ನು ತಪಾಸಣೆ ಮಾಡುತ್ತಾರೆ, ಯಾರನ್ನು ಮಾಡುವುದಿಲ್ಲ ಎಂದು ದಿನಾ ನೋಡಿದರೆ ಸಾಕು.

ಅಮೆರಿಕದ ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದು ಇದನ್ನೇ. ಒಡನಾಟದಿಂದ ಪೂರ್ವಗ್ರಹ ಕರಗಬೇಕಾದರೆ ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ ಮತ್ತು ಮೇಲಿನವರ ಬೆಂಬಲ ಬೇಕು. ಈಚೆಗೆ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಬೇರೆ ಬೇರೆ ಜಾತಿಯ ಯುವಕರಿಗಾಗಿ ಕ್ರಿಕೆಟ್ ಲೀಗ್ ನಡೆಸಿ ಇದನ್ನು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ಮೀರಿದ ಗೆಳೆತನ ಬೆಳೆಯಿತು, ಸ್ವಜಾತಿಯವರನ್ನೇ ಆರಿಸುವ ಒಲವು ತಗ್ಗಿತು. ಎದುರಾಳಿಗಳಾಗಿ ಭೇಟಿಯಾದಾಗ ಮಾತ್ರ ಪರಿಣಾಮ ಉಲ್ಟಾ. ಮೈದಾನ ಒಂದೇ, ಆಟ ಒಂದೇ. ಯಾವ ಸ್ಥಾನದಲ್ಲಿ ನಿಂತು ಭೇಟಿಯಾದರು ಎಂಬುದರಿಂದ ಎಲ್ಲ ಬದಲಾಯಿತು.

ಎಚ್ಚರಿಕೆ ವಹಿಸುವುದೂ ತಪ್ಪೇ?

ಈ ಪ್ರಶ್ನೆಯನ್ನು ಅನೇಕರು, ಅದರಲ್ಲೂ ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳು ಕೇಳುತ್ತಾರೆ. ಎಚ್ಚರಿಕೆ ತಪ್ಪಲ್ಲ. ನೋಡಬೇಕಾದ್ದು ಅದು ಯಾವುದಕ್ಕೆ ಎಂಬುದನ್ನು. ಒಬ್ಬ ವ್ಯಕ್ತಿ ಹಿಂಬಾಲಿಸುತ್ತಿದ್ದರೆ, ಕುಡಿದು ತೂರಾಡುತ್ತಿದ್ದರೆ, ಅವನ ನಡತೆ ನೋಡಿ ದೂರ ಸರಿಯುವುದು ಎಚ್ಚರಿಕೆ. ಅವನು ಏನೂ ಮಾಡದೆ ಇರುವಾಗ ಬಣ್ಣ ಅಥವಾ ಮುಖ ನೋಡಿ ಸರಿಯುವುದು ಪೂರ್ವಗ್ರಹ. ಒಂದು ಸರಳ ಪ್ರಶ್ನೆ ಕೇಳಿಕೊಳ್ಳಬಹುದು: 'ನಮ್ಮವರಂತೆ ಕಾಣುವವರು ಇದನ್ನೇ ಮಾಡಿದ್ದರೆ ನಾನು ಹೀಗೇ ನಡೆದುಕೊಳ್ಳುತ್ತಿದ್ದೆನೇ?'

ಕೊನೆಯದಾಗಿ

ಜನಾಂಗೀಯ ಪೂರ್ವಗ್ರಹವನ್ನು ನಿಯಂತ್ರಿಸಲು ಸಾಧ್ಯವೇ? ಮೊದಲು ಹೊಳೆಯುವುದರ ಮೇಲೆ ನಮಗೆ ಹಿಡಿತ ಕಡಿಮೆ. ಅದರ ನಂತರದ ಮಾತು, ನೋಟ, ನಿರ್ಧಾರಗಳ ಮೇಲೆ ಬೇಕಾದಷ್ಟಿದೆ. ಆ ಹಿಡಿತ ಬರೀ ಮನೋಬಲದಿಂದ ಬರುವುದಿಲ್ಲ. ಮೊದಲೇ ಮಾಡಿಕೊಂಡ ನಿಯಮ, ಗಮನಿಸುವ ಅಭ್ಯಾಸ, ಸಮಾನವಾಗಿ ಬೆರೆಯುವ ಅವಕಾಶಗಳಿಂದ ಬರುತ್ತದೆ. ಸಂಬಂಧವಿಲ್ಲದ ಹುಡುಗಿಯನ್ನು ಕಾರಿನಿಂದ ಎಳೆದವರಿಗೂ ಹೊಳೆದದ್ದು ಮತ್ತು ಮಾಡಿದ್ದರ ನಡುವೆ ಒಂದಿಷ್ಟು ಸಮಯವಿತ್ತು.

ನಾನು ಮಾಡಿಕೊಂಡ ನಿಯಮ ತುಂಬ ಚಿಕ್ಕದು. ಈಗ ರೈಲು ಹತ್ತಿದ ಕೂಡಲೇ, ಪಕ್ಕದಲ್ಲಿ ಯಾರೂ ಕೂರುವ ಮೊದಲೇ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಊರಿಗಾಂ ಬರುವವರೆಗೆ ಅದು ಅಲ್ಲೇ ಇರುತ್ತದೆ, ಯಾರೇ ಬಂದು ಕೂತರೂ. ಕೈ ಸರಿಯಲು ಕಾರಣವೇ ಉಳಿದಿಲ್ಲ. ಮನಸ್ಸಿನಲ್ಲಿ ಇನ್ನೂ ಏನಾದರೂ ಹೊಳೆಯುತ್ತದೆಯೇ ಎಂದರೆ, ಹೌದು, ಒಮ್ಮೊಮ್ಮೆ. ಆದರೆ ಪಕ್ಕದಲ್ಲಿ ಕೂತವರು ಸೀಟಿನ ತುದಿಗೆ ಸರಿಯಬೇಕಾಗಿಲ್ಲ.